ಆಫೀಸಿನ ಟ್ಯಾಬ್ ಕಳವಾದರೆ ಬೆಲೆ ಕಟ್ಟುವುದು ಯಾರು?

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ದಿನಗಳು. ಮಡಿಕೇರಿಯ ಕೋವಿಡ್ ಆಸ್ಪತ್ರೆಯಲ್ಲಿ ತೀರಿಕೊಂಡ ತಾಯಿಯೊಬ್ಬರ ಮೊಬೈಲ್ ಮನೆಯವರ ಕೈಗೆ ಬರಲೇ ಇಲ್ಲ. ಕುಶಾಲನಗರ ಕಡೆಯ ಅವರ ಪುಟ್ಟ ಮಗಳು ಜಿಲ್ಲಾಧಿಕಾರಿಗೆ, ಶಾಸಕರಿಗೆ ಪತ್ರ ಬರೆದಳು. ಅಮ್ಮನ ನೆನಪುಗಳೆಲ್ಲ ಆ ಫೋನಿನಲ್ಲಿವೆ, ಹುಡುಕಿಕೊಡಿ ಅನ್ನುವುದು ಪತ್ರದ ಸಾರ. ಆ ಪತ್ರ ರಾಜ್ಯವಿಡೀ ಓಡಾಡಿತು, ಪೊಲೀಸರು ಹುಡುಕಾಟ ನಡೆಸಿದರು. ಕೊನೆಗೆ ಆಗಸ್ಟ್‌ನಲ್ಲಿ ಫೋನ್ ಸಿಕ್ಕಿದ್ದು ಆಸ್ಪತ್ರೆಯ ಉಗ್ರಾಣದಲ್ಲೇ.

ಅದು ಟ್ಯಾಬ್ ಅಲ್ಲ, ಆಫೀಸಿನದೂ ಅಲ್ಲ. ಆದರೂ ಈ ಬರಹವನ್ನು ಅಲ್ಲಿಂದಲೇ ಶುರು ಮಾಡಲು ಕಾರಣವಿದೆ. ಕಳವಾಯಿತೋ, ಕಳೆದುಹೋಯಿತೋ, ಎಲ್ಲೋ ಎತ್ತಿಟ್ಟು ಮರೆತರೋ ಎಂದು ಮೂರು ತಿಂಗಳು ಯಾರಿಗೂ ಹೇಳಲಾಗಲಿಲ್ಲ. ಸಾವಿರ ತಲೆಬಿಸಿಗಳ ನಡುವೆ ಒಂದು ಸಾಧನ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡುವ ವ್ಯವಸ್ಥೆ ಇಲ್ಲದಿದ್ದರೆ ಹೀಗೇ ಆಗುವುದು. ಕೊಡಗಿನ ಬಹುಪಾಲು ಆಫೀಸುಗಳಲ್ಲಿ ಟ್ಯಾಬ್‌ಗಳ ಸ್ಥಿತಿ ಇವತ್ತಿಗೂ ಇದೇ. ಮೇಜಿನ ಮೇಲೆ ಇರುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ. ಅದು ಕಾಣೆಯಾದ ದಿನ ಮಾತ್ರ "ಕೊನೆಗೆ ಯಾರ ಹತ್ರ ಇತ್ತು?" ಅನ್ನುವ ಪ್ರಶ್ನೆ ಏಳುತ್ತದೆ. ಉತ್ತರ ಸಾಮಾನ್ಯವಾಗಿ ಆಫೀಸಿನ ಅತಿ ಕಿರಿಯ ನೌಕರನ ಹೆಸರೇ ಆಗಿರುತ್ತದೆ. ಇಲ್ಲಾಂದ್ರೆ ಕಸ ಗುಡಿಸುವ ಅಕ್ಕನದು.

ಟ್ಯಾಬ್ ಎಲ್ಲೆಲ್ಲಿದೆ, ಒಳಗೆ ಏನಿದೆ

ಹತ್ತು ವರ್ಷದ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಈಗ ನೋಡಿ. ಎಸ್ಟೇಟ್ ಆಫೀಸಿನಲ್ಲಿ ರೈಟರ್ ಹಾಜರಿ ಬರೆಯುವುದು ಟ್ಯಾಬ್‌ನಲ್ಲಿ, ಕಾಫಿ ಕೊಯ್ಲಿನ ಲೆಕ್ಕ ಹಿಡಿಯುವುದೂ ಅದರಲ್ಲೇ. ಹೋಂಸ್ಟೇ ಮುಂದಿನ ಮೇಜಿನಲ್ಲಿ ಅತಿಥಿಗಳ ಗುರುತಿನ ಚೀಟಿಯ ಫೋಟೊ ತೆಗೆಯುವುದು ಅದರಲ್ಲಿ. ಕಿರುಸಾಲ ವಸೂಲಿಗೆ ಹೋಗುವ ಹುಡುಗರ ಬ್ಯಾಗಿನಲ್ಲಿ ಒಂದು, ಖಾಸಗಿ ಶಾಲೆಯ ಸ್ಟಾಫ್ ರೂಮಿನಲ್ಲಿ ನಾಲ್ಕು. 2021ರಲ್ಲಿ ರಾಜ್ಯ ಸರ್ಕಾರವೇ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚಿತು.

ಹದಿನೈದು ಸಾವಿರದ ಟ್ಯಾಬ್ ಕದ್ದವನಿಗೆ ಅದು ಎರಡೋ ಮೂರೋ ಸಾವಿರದ ಮಾಲು ಅಷ್ಟೇ. ಅದರೊಳಗೆ ಇರುವುದು ಬೇರೆಯವರ ಬದುಕು. ಲೈನ್ ಮನೆಯಲ್ಲಿರುವ ಕಾರ್ಮಿಕರ ಆಧಾರ್ ಮತ್ತು ಬ್ಯಾಂಕ್ ಖಾತೆ ವಿವರ, ಸಾಲ ಪಡೆದ ಹೆಂಗಸರ ಫೋನ್ ನಂಬರು, ಮಕ್ಕಳ ಫೋಟೊ. ಇವರಲ್ಲಿ ಯಾರೂ ತಮ್ಮ ಮಾಹಿತಿ ಯಾವ ಮೇಜಿನ ಮೇಲೆ ಬಿದ್ದಿರುತ್ತದೆ ಎಂದು ಕೇಳಿ ಒಪ್ಪಿಗೆ ಕೊಟ್ಟವರಲ್ಲ.

ಮೊದಲು ಬೀಗ, ಆಮೇಲೆ ಆ್ಯಪ್

ಟ್ಯಾಬ್ ಕದಿಯಲು ರಾತ್ರಿ ಗೋಡೆ ಕೊರೆಯಬೇಕಾಗಿಲ್ಲ. ಒಂದೂವರೆ ಗಂಟೆಗೆ ಊಟಕ್ಕೆ ಎದ್ದಾಗ ತೆರೆದಿರುವ ಬಾಗಿಲು ಸಾಕು. ನಮ್ಮಲ್ಲಿ ಮಳೆಗಾಲದಲ್ಲಿ ಯಾರಾದರೂ ಒಳಗೆ ಬಂದು ನಿಂತರೆ "ಯಾರು ನೀವು?" ಎಂದು ಕೇಳುವವರು ಕಡಿಮೆ. ಮಳೆ ನಿಲ್ಲಲಿ ಎಂದು ನಿಂತಿದ್ದಾರೆ ಅಂದುಕೊಳ್ಳುತ್ತೇವೆ. ಇದು ಒಳ್ಳೆಯ ಗುಣವೇ. ಅದನ್ನು ಬಿಡಬೇಕಾಗಿಲ್ಲ, ಟ್ಯಾಬ್ ಎತ್ತಿಡಬೇಕು ಅಷ್ಟೇ.

ಇನ್ನೊಂದು ನಮ್ಮ ಊರಿನದೇ ಅಭ್ಯಾಸ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ, ಬಂದಾಗ ಚಾರ್ಜ್ ಆಗಲಿ ಅಂತ ಟ್ಯಾಬನ್ನು ರಾತ್ರಿಯಿಡೀ ಪ್ಲಗ್‌ಗೆ ಸಿಕ್ಕಿಸಿ ಹೋಗುತ್ತೇವೆ. ಪ್ಲಗ್ ಇರುವುದು ಕಿಟಕಿ ಪಕ್ಕ. ಇದಕ್ಕೆ ಮದ್ದು ಒಂದು ಪವರ್ ಬ್ಯಾಂಕ್. ಕರೆಂಟ್ ಇದ್ದಾಗ ಹಗಲಲ್ಲಿ ಎರಡನ್ನೂ ತುಂಬಿಸಿ, ಸಂಜೆ ಟ್ಯಾಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀ ಮನೆಗೆ ಒಯ್ಯಿರಿ. ಕೀಯನ್ನು ಮೇಲಿನ ಡ್ರಾಯರ್‌ನಲ್ಲಿ ಪೆನ್ನುಗಳ ಕೆಳಗೆ ಇಟ್ಟರೆ ಬೀಗ ಹಾಕಿಯೂ ಹಾಕದ ಹಾಗೆ. ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ, ಹುತ್ತರಿ ರಜೆ, ಎರಡನೇ ಶನಿವಾರ ಸೇರಿ ಬರುವ ಸಾಲು ರಜೆಗಳಲ್ಲಿ ಇದು ಇನ್ನೂ ಮುಖ್ಯ. ಕೈಲ್‌ಪೊಳ್ದ್‌ನಲ್ಲಿ ಪೂಜೆಗೆ ಇಟ್ಟ ತೋಕ್ ಎಲ್ಲಿದೆ, ಯಾರ ಹೆಸರಿನಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರುವ ಜಿಲ್ಲೆಯಲ್ಲಿ ಆಫೀಸಿನ ಟ್ಯಾಬ್ ಯಾರ ಹೆಸರಿನಲ್ಲಿದೆ ಎಂದು ಗೊತ್ತಿಲ್ಲದಿರುವುದು ತಮಾಷೆಯೇ.

ಲ್ಯಾಪ್‌ಟಾಪ್‌ಗೆ ಹಾಕುವ ಕೇಬಲ್ ಲಾಕ್ 1990ರ ದಶಕದಿಂದ ಇದೆ. ಕೆನ್ಸಿಂಗ್ಟನ್ ಕಂಪನಿಯ ಹೆಸರಿನಲ್ಲೇ ಆ ಪುಟ್ಟ ತೂತು ಪ್ರಸಿದ್ಧ. ಟ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಆ ತೂತೇ ಇರುವುದಿಲ್ಲ. ಹಾಗಾಗಿ ಹೋಂಸ್ಟೇ ಕೌಂಟರ್‌ನಂತೆ ಒಂದೇ ಜಾಗದಲ್ಲಿ ಇರುವ ಟ್ಯಾಬ್‌ಗೆ ಮೇಜಿಗೆ ಸ್ಕ್ರೂ ಹಾಕುವ, ಬೀಗವಿರುವ ಲೋಹದ ಸ್ಟ್ಯಾಂಡ್ ಬೇಕು. ಹಿಂಬದಿಗೆ ಅಂಟಿಸುವ ಪ್ಲೇಟ್ ಮತ್ತು ಕೇಬಲ್ ಅಗ್ಗ, ಆದರೆ ಗಟ್ಟಿಯಾಗಿ ಎಳೆದರೆ ಕಿತ್ತುಬರಬಹುದು. ಎರಡು ನಿಮಿಷ ತಡೆಯುವುದೇ ಅದರ ಕೆಲಸ. ಹಗಲು ಹೊತ್ತಿನ ಕಳವಿಗೆ ಎರಡು ನಿಮಿಷ ದೊಡ್ಡ ಸಮಯ. ಕೈಯಲ್ಲಿ ಹಿಡಿದು ಓಡಾಡುವ ಟ್ಯಾಬ್‌ಗೆ ಮಾತ್ರ ಇದ್ಯಾವುದೂ ಉಪಯೋಗವಿಲ್ಲ, ಅದಕ್ಕೆ ಬೀಗವಿರುವ ಡ್ರಾಯರ್ರೇ ಗತಿ.

ಹತ್ತು ರೂಪಾಯಿಯ ಪುಸ್ತಕ

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದ ಉಪಕರಣ ಇದು, ಒಂದು ನೋಟ್‌ಬುಕ್. ಮೊದಲ ಪುಟದಲ್ಲಿ ಪ್ರತಿ ಟ್ಯಾಬ್‌ನ ಮಾಡೆಲ್, ಸೀರಿಯಲ್ ನಂಬರ್, 15 ಅಂಕಿಯ ಐಎಂಇಐ ನಂಬರ್ (ಸಿಮ್ ಹಾಕುವ ಟ್ಯಾಬ್ ಆದರೆ), ಒಳಗಿರುವ ಸಿಮ್ ನಂಬರು, ಕೊಂಡ ತಾರೀಕು ಇರಲಿ. ಬಿಲ್ಲಿನ ಪ್ರತಿಯನ್ನೂ ಅಂಟಿಸಿ. ಐಎಂಇಐ ತಿಳಿಯಲು ಮೊಬೈಲ್‌ನಲ್ಲಿ *#06# ಒತ್ತುತ್ತೇವೆ. ಡಯಲ್ ಮಾಡಲಾಗದ ಟ್ಯಾಬ್‌ನಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲೋ ಖರೀದಿಸಿದ ಡಬ್ಬಿಯ ಮೇಲೋ ಸಿಗುತ್ತದೆ. ಡಬ್ಬಿ ಎಸೆಯಬೇಡಿ.

ಮುಂದಿನ ಪುಟಗಳಲ್ಲಿ ಯಾರು, ಯಾವಾಗ ತೆಗೆದುಕೊಂಡರು, ಯಾವಾಗ ಯಾರಿಗೆ ವಾಪಸ್ ಕೊಟ್ಟರು, ಇಬ್ಬರ ಸಹಿ. ವಾಪಸ್ ಕೊಟ್ಟಾಗಿನ ಸಹಿಯನ್ನು ಎಲ್ಲರೂ ಮರೆಯುತ್ತಾರೆ, ನೌಕರನನ್ನು ಕಾಪಾಡುವುದು ಅದೇ ಸಹಿ. ಟ್ಯಾಬ್ ಬೀರು ಸೇರಿದ ಮೇಲೆ ಹೋದರೆ ಹೊಣೆ ಬೀರುವಿನ ಕೀ ಇಟ್ಟುಕೊಂಡವರದು, ನಿಮ್ಮದಲ್ಲ. ನಿಮ್ಮ ಆಫೀಸಿನಲ್ಲಿ ಇಂಥ ಪುಸ್ತಕ ಇಲ್ಲವಾದರೆ, ವಾಪಸ್ ಕೊಡುವಾಗ ಒಂದು ವಾಟ್ಸ್‌ಆ್ಯಪ್ ಸಂದೇಶವನ್ನಾದರೂ ಹಾಕಿ: "ಟ್ಯಾಬ್ 2, ಸಂಜೆ 5.40, ಬೀರುವಿನಲ್ಲಿಟ್ಟಿದ್ದೇನೆ."

ಟ್ಯಾಬ್‌ನೊಳಗಿನ ಬೀಗ

ಪ್ಯಾಟರ್ನ್ ಬೇಡ, ಗಾಜಿನ ಮೇಲಿನ ಬೆರಳ ಗುರುತೇ ಅದನ್ನು ಹೇಳಿಬಿಡುತ್ತದೆ. ಆರಂಕಿಯ ಪಿನ್ ಇಡಿ. 123456 ಅಲ್ಲ, ಆಫೀಸಿನ ಫೋನ್ ನಂಬರಿನ ಕೊನೆಯ ಆರಂಕಿಯೂ ಅಲ್ಲ. ಒಂದು ನಿಮಿಷಕ್ಕೆ ತಾನೇ ಲಾಕ್ ಆಗಲಿ. ಲಾಕ್ ಆದ ಪರದೆಯ ಮೇಲೆ ಮೆಸೇಜ್ ಕಾಣದಂತೆ ಮಾಡಿ, ಇಲ್ಲದಿದ್ದರೆ ಬ್ಯಾಂಕಿನ ಓಟಿಪಿ ಓದಲು ಲಾಕ್ ತೆಗೆಯುವ ಅಗತ್ಯವೇ ಇಲ್ಲ. ಸಿಮ್‌ಗೂ ಪಿನ್ ಇಡಬಹುದು. ಆಗ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ ಕೆಲಸ ಮಾಡದು. ಮೂರು ಸಲ ತಪ್ಪು ಒತ್ತಿದರೆ ಪಿಯುಕೆ ಕೇಳುತ್ತದೆ, ಅದನ್ನೂ ಪುಸ್ತಕದಲ್ಲಿ ಬರೆದಿಡಿ. ಮೆಮೊರಿ ಕಾರ್ಡ್ ಇದ್ದರೆ ಅದನ್ನು ಕಿತ್ತು ಬೇರೆಡೆ ಹಾಕಿ ಓದುವುದು ಸುಲಭ, ಜನರ ದಾಖಲೆಗಳನ್ನು ಅದರಲ್ಲಿ ಇಡಲೇಬೇಡಿ.

ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ 'ಫೈಂಡ್ ಹಬ್' (2025ರವರೆಗೆ ಇದರ ಹೆಸರು ಫೈಂಡ್ ಮೈ ಡಿವೈಸ್), ಐಪ್ಯಾಡ್‌ನಲ್ಲಿ 'ಫೈಂಡ್ ಮೈ' ಆನ್ ಮಾಡಿ. ಇದರಿಂದ ದೂರದಿಂದಲೇ ಲಾಕ್ ಮಾಡಬಹುದು, ಎಲ್ಲಿದೆ ಎಂದು ನೋಡಬಹುದು. ಆದರೆ ನಿರೀಕ್ಷೆ ಹದವಾಗಿರಲಿ. ಟ್ಯಾಬ್‌ಗೆ ಇಂಟರ್‌ನೆಟ್ ಇದ್ದರೆ ಮಾತ್ರ ಈ ಆಟವೆಲ್ಲ ಸರಿಯಾಗಿ ನಡೆಯುವುದು. ವೈಫೈ ಮಾತ್ರ ಇರುವ ಟ್ಯಾಬ್ ಆಫೀಸಿನ ಗೇಟು ದಾಟಿದರೆ ಬಹುಮಟ್ಟಿಗೆ ಕೊನೆಯ ಬಾರಿ ಇದ್ದ ಜಾಗವನ್ನಷ್ಟೇ ತೋರಿಸುತ್ತದೆ, ಅಂದರೆ ನಿಮ್ಮದೇ ಆಫೀಸನ್ನು. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರುಗಳಲ್ಲಿ ಸಿಮ್ ಇದ್ದರೂ ಅದೇ ಪಾಡು.

ಹಾಗಾದರೆ ಯಾಕೆ ಆನ್ ಮಾಡಬೇಕು? ಯಾಕೆಂದರೆ ಅದರ ಜೊತೆ ಇನ್ನೊಂದು ಬೀಗ ಬರುತ್ತದೆ. ಖಾತೆಯ ಪಾಸ್‌ವರ್ಡ್ ಇಲ್ಲದೆ ಯಾರಾದರೂ ಟ್ಯಾಬನ್ನು ರೀಸೆಟ್ ಮಾಡಿದರೆ, ಮತ್ತೆ ಆನ್ ಆದಾಗ ಅದು ಹಳೆಯ ಖಾತೆಯನ್ನೇ ಕೇಳುತ್ತದೆ. ಆ್ಯಪಲ್ ಇದನ್ನು 2013ರಲ್ಲಿ ತಂದಿತು, ಆಂಡ್ರಾಯ್ಡ್‌ನಲ್ಲಿ 5.1 ಆವೃತ್ತಿಯಿಂದ ಇದೆ. ಖಾತೆ ಇಲ್ಲದ ಟ್ಯಾಬ್ ಮಾತ್ರ ರೀಸೆಟ್ ಆದ ಕೂಡಲೇ ಹೊಸದರಂತೆ ಮಾರಾಟಕ್ಕೆ ಸಿದ್ಧ.

ಆ ಖಾತೆ ಯಾರದು ಅನ್ನುವುದು ಮುಖ್ಯ. ಬೇಗ ಆಗಲಿ ಅಂತ ಹೊಸದಾಗಿ ಸೇರಿದ ಹುಡುಗಿಯ ಸ್ವಂತ ಜಿಮೇಲ್ ಹಾಕಿಸುವ ಆಫೀಸುಗಳಿವೆ. ಟ್ಯಾಬ್ ಹೋದ ದಿನ ಅವಳ ಸ್ವಂತ ಮೇಲ್, ಫೋಟೊ, ಕಾಂಟ್ಯಾಕ್ಟ್ ಎಲ್ಲವೂ ಅದರ ಜೊತೆ ಹೋಗುತ್ತವೆ. ಅವಳು ಕೆಲಸ ಬಿಟ್ಟರೆ ರೀಸೆಟ್ ಆದ ಟ್ಯಾಬ್ ತೆರೆಯಲು ಆಫೀಸಿಗೇ ಆಗುವುದಿಲ್ಲ. ಆಫೀಸಿನ ಹೆಸರಲ್ಲೇ ಒಂದು ಖಾತೆ ಮಾಡಿಸಿ, ಬೇಡ ಅಂದರೆ ನಿಮ್ಮ ಖಾತೆ ಹಾಕಲು ಒಪ್ಪಬೇಡಿ.

ಹೋದ ಮೇಲಿನ ಮೊದಲ ಗಂಟೆ

ಮೊದಲು ದೂರದಿಂದ ಲಾಕ್ ಮಾಡಿ, ಆಮೇಲೆ ಸಿಮ್ ಬ್ಲಾಕ್ ಮಾಡಿಸಿ. ಸಿಮ್ ಮೊದಲು ನಿಲ್ಲಿಸಿದರೆ ಟ್ಯಾಬ್‌ಗೆ ಇಂಟರ್‌ನೆಟ್ ತಪ್ಪಿ ಲಾಕ್ ಆದೇಶ ತಲುಪದೇ ಇರಬಹುದು. ಆದರೆ ಆ ಸಿಮ್‌ಗೆ ಬ್ಯಾಂಕ್ ಓಟಿಪಿ ಬರುತ್ತಿದ್ದರೆ ಯೋಚಿಸಬೇಡಿ, ಸಿಮ್ ಮೊದಲು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಗಾಬರಿಯಲ್ಲಿ 'ಎರೇಸ್' ಒತ್ತಬೇಡಿ. ಆಂಡ್ರಾಯ್ಡ್‌ನಲ್ಲಿ ಎಲ್ಲ ಅಳಿಸಿದ ಮೇಲೆ ಎಲ್ಲಿದೆ ಎಂದು ನೋಡುವ ದಾರಿಯೂ ಮುಚ್ಚುತ್ತದೆ. ಜನರ ದಾಖಲೆಗಳಿದ್ದು, ಟ್ಯಾಬ್ ಸಿಗುವ ಆಸೆ ಇಲ್ಲ ಎಂದಾಗ ಅಳಿಸಿ. ಸಿಸಿಟಿವಿ ಇದ್ದರೆ ಆ ದಿನದ ದೃಶ್ಯವನ್ನು ಅವತ್ತೇ ಪ್ರತಿ ಮಾಡಿಕೊಳ್ಳಿ, ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವ ಯಂತ್ರ ಅದು.

ಮತ್ತೆ ಯಾರ ಬ್ಯಾಗನ್ನೂ ತಡಕಬೇಡಿ. ಮೊದಲ ಅನುಮಾನ ಬೀಳುವುದು ಲೈನ್ ಮನೆಯ ಎರವ ಕುಟುಂಬದ ಹುಡುಗನ ಮೇಲೆ, ಅಸ್ಸಾಂನಿಂದ ಕೂಲಿಗೆ ಬಂದವರ ಮೇಲೆ, ಅಡುಗೆಯವರ ಮೇಲೆ. ಮ್ಯಾನೇಜರ್ ಬ್ಯಾಗ್ ತೆರೆದು ತೋರಿಸು ಅಂತ ಯಾರೂ ಕೇಳುವುದಿಲ್ಲ. ಆಫೀಸಿನ ಯಜಮಾನನಿಗೆ ಪೊಲೀಸರ ಅಧಿಕಾರವಿಲ್ಲ. ಒಬ್ಬರನ್ನು ಕೋಣೆಯಲ್ಲಿ ಕೂರಿಸಿ "ಒಪ್ಪಿಕೊಳ್ಳುವವರೆಗೆ ಬಿಡಲ್ಲ" ಎನ್ನುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಪ್ರಕಾರ ಅಕ್ರಮ ಬಂಧನ, ಅದೇ ಒಂದು ಅಪರಾಧ.

'ಕಳೆದುಹೋಗಿದೆ' ಅಂತ ಬರೆದುಕೊಡಬೇಡಿ

ಠಾಣೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಕರ್ನಾಟಕ ಪೊಲೀಸರ ಆ್ಯಪ್‌ನಲ್ಲಿ ಇ-ಲಾಸ್ಟ್ ಅನ್ನುವ ಸೌಲಭ್ಯವಿದೆ. ಕಳೆದುಹೋದ ವಸ್ತುವಿನ ಬಗ್ಗೆ ಮನೆಯಲ್ಲೇ ಕೂತು ವರದಿ ಹಾಕಿ ಸ್ವೀಕೃತಿ ಪಡೆಯಬಹುದು. ಬಸ್ಸಿನಲ್ಲಿ ಮರೆತು ಬಂದಿದ್ದರೆ ಅದು ಸರಿಯಾದ ದಾರಿ. ಆದರೆ ಬೀಗ ಹಾಕಿದ ಆಫೀಸಿನಿಂದ ಟ್ಯಾಬ್ ಕಾಣೆಯಾದರೆ ಅದು ಕಳವು. 'ಕಳೆದುಹೋಗಿದೆ' ಎಂದು ನೀವೇ ಬರೆದುಕೊಟ್ಟರೆ ಎಫ್ಐಆರ್ ಇಲ್ಲ, ತನಿಖೆಯೂ ಇಲ್ಲ. ಕಳವಿನ ವಿಮೆ ಕೇಳಲು ಹೋದರೆ ಅದೇ ಕಾಗದ ಅಡ್ಡ ಬರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಸೆಕ್ಷನ್. ವಾಸಕ್ಕೋ ವಸ್ತುಗಳನ್ನು ಇಡುವುದಕ್ಕೋ ಬಳಸುವ ಕಟ್ಟಡದೊಳಗೆ ಕದ್ದರೆ 305, ನೌಕರನೇ ಮಾಲೀಕನ ವಸ್ತು ಕದ್ದರೆ 306, ಈ ಎರಡಕ್ಕೂ 7 ವರ್ಷದವರೆಗೆ ಶಿಕ್ಷೆ. ಕದ್ದ ಮಾಲು ಎಂದು ತಿಳಿದೂ ಕೊಂಡವರಿಗೆ 317. ಇಂಥ ಅಪರಾಧದ ದೂರು ಬಂದರೆ ಎಫ್ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದಕ್ಕೊಂದು ಸಂದು ಬಿಟ್ಟಿದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಬರೀ 303 ಆದರೆ ಈ ಸಂದಿನೊಳಗೆ ಬೀಳುತ್ತದೆ, 305 ಬೀಳುವುದಿಲ್ಲ. ಆದ್ದರಿಂದ ದೂರಿನಲ್ಲಿ ಟ್ಯಾಬ್ ಯಾವ ಕಟ್ಟಡದ ಯಾವ ಕೋಣೆಯ ಯಾವ ಬೀರುವಿನಲ್ಲಿತ್ತು ಎಂದು ಸ್ಪಷ್ಟವಾಗಿ ಬರೆಯಿರಿ.

ಅದೇ ಸೆಕ್ಷನ್‌ನಲ್ಲಿ ನಮಗೆ ಅನುಕೂಲವಾದವೂ ಇವೆ. ಎಫ್ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಆನ್‌ಲೈನ್‌ನಲ್ಲಿ ದೂರು ಕೊಟ್ಟು 3 ದಿನದೊಳಗೆ ಹೋಗಿ ಸಹಿ ಹಾಕಬಹುದು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಗಡಿ ಜಿಲ್ಲೆಯವರಾದ ನಮಗೆ ಇದು ಬಹಳ ದೊಡ್ಡದು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಮಾಕುಟ್ಟ ಇಳಿದರೆ ಕಣ್ಣೂರು, ಕುಟ್ಟ ದಾಟಿದರೆ ವಯನಾಡು. "ಅದು ನಮ್ಮ ಲಿಮಿಟ್ ಅಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಲಿಖಿತವಾಗಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ದೂರಿನ ಪ್ರತಿ ಕೈಗೆ ಬಂದ ಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಸಿಇಐಆರ್ ವಿಭಾಗಕ್ಕೆ ಹೋಗಿ ಐಎಂಇಐ ಬ್ಲಾಕ್ ಮಾಡಿಸಿ. 2023ರ ಮೇ 17ರಿಂದ ಇದು ದೇಶವಿಡೀ ಲಭ್ಯ. ಬ್ಲಾಕ್ ಆದ ಸಾಧನಕ್ಕೆ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗದು. ಯಾರಾದರೂ ಹಾಕಿದರೆ ಸುಳಿವು ಪೊಲೀಸರಿಗೆ ಹೋಗುತ್ತದೆ, ವಯನಾಡಿನಲ್ಲಿದ್ದರೂ ಸರಿ. ಆದರೆ ವೈಫೈ ಮಾತ್ರ ಇರುವ ಟ್ಯಾಬ್‌ಗೆ ಐಎಂಇಐ ಇಲ್ಲ, ಹಾಗಾಗಿ ಈ ದಾರಿಯೂ ಇಲ್ಲ. ಅದಕ್ಕೆ ಸೀರಿಯಲ್ ನಂಬರ್ ಒಂದೇ ಗುರುತು. ಹೊಸದಾಗಿ ಟ್ಯಾಬ್ ಕೊಳ್ಳುವ ಆಫೀಸಿಗೆ ನನ್ನ ಸಲಹೆ: ಒಂದೆರಡು ಸಾವಿರ ಹೆಚ್ಚಾದರೂ ಸಿಮ್ ಹಾಕುವಂಥದ್ದೇ ತನ್ನಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಇಂಗ್ಲಿಷ್‌ನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿ ನೋಡಿ.

ಸಂಬಳದಿಂದ ಹಿಡಿಯಬಹುದಾ?

"ಈ ತಿಂಗಳಿಂದ ಎರಡೆರಡು ಸಾವಿರ ಹಿಡೀತೀವಿ." ಈ ಮಾತು ಕೇಳಿದವರು ಇದನ್ನು ಓದುತ್ತಿದ್ದರೆ ಗಮನಿಸಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ, 2019ರ 18 ಮತ್ತು 21ನೇ ಸೆಕ್ಷನ್‌ಗಳು ಇದನ್ನೇ ಹೇಳುತ್ತವೆ. ವಸ್ತುವನ್ನು ನಿರ್ದಿಷ್ಟವಾಗಿ ನಿಮ್ಮ ವಶಕ್ಕೆ ಕೊಟ್ಟಿರಬೇಕು. ಅದು ಹೋದದ್ದಕ್ಕೆ ನೇರವಾಗಿ ನಿಮ್ಮ ನಿರ್ಲಕ್ಷ್ಯ ಅಥವಾ ತಪ್ಪೇ ಕಾರಣವಾಗಿರಬೇಕು. ನಿಮ್ಮ ವಿವರಣೆ ಕೇಳುವ ಮೊದಲು ಒಂದು ರೂಪಾಯಿಯನ್ನೂ ಹಿಡಿಯುವಂತಿಲ್ಲ. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಇತ್ತು, ಆದರೆ ತಿಂಗಳಿಗೆ 24,000 ರೂಪಾಯಿಯ ಮಿತಿ ಇತ್ತು. ಹೊಸದರಲ್ಲಿ ಆ ಮಿತಿ ಇಲ್ಲ.

ಈಗ ಆ ನೋಟ್‌ಬುಕ್‌ಗೆ ವಾಪಸ್ ಬನ್ನಿ. ಪುಸ್ತಕ ಇಲ್ಲದ ಆಫೀಸು, 'ನಿಮ್ಮ ವಶಕ್ಕೆ ಕೊಟ್ಟಿದ್ದೆವು' ಎಂದು ತೋರಿಸುವುದು ಹೇಗೆ? ಬೀಗವಿರುವ ಡ್ರಾಯರ್ ಕೊಡದ ಆಫೀಸು, 'ನಿಮ್ಮ ನಿರ್ಲಕ್ಷ್ಯ' ಎನ್ನುವುದು ಹೇಗೆ? ಕೆಲಸಕ್ಕೆ ಸೇರುವಾಗ ಖಾಲಿ ಮುಚ್ಚಳಿಕೆಗೆ ಸಹಿ ಕೇಳಿದರೆ ಹಾಕಬೇಡಿ. ಡ್ರಾಯರ್ ಕೊಡಿ ಎಂದು ಮೇಲ್‌ನಲ್ಲಿ ಕೇಳಿ, ಉತ್ತರ ಬರದಿದ್ದರೂ ಆ ಮೇಲ್ ಉಳಿಸಿಕೊಳ್ಳಿ.

ಹೋಂಸ್ಟೇ ನಡೆಸುವವರಿಗೂ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ ಅನ್ವಯ. ದತ್ತಾಂಶವನ್ನು ಸರಿಯಾಗಿ ಕಾಪಾಡದಿದ್ದರೆ ದಂಡ ಗರಿಷ್ಠ 250 ಕೋಟಿ. ಮೂರು ಕೋಣೆಯ ಹೋಂಸ್ಟೇಗೆ ಅಷ್ಟು ಬೀಳುತ್ತದೆಂದು ಹೆದರಬೇಕಾಗಿಲ್ಲ. ಆದರೆ ಮೂರು ವರ್ಷದ ಹಿಂದೆ ಬಂದುಹೋದವರ ಆಧಾರ್ ಫೋಟೊ ಇನ್ನೂ ಟ್ಯಾಬ್‌ನ ಗ್ಯಾಲರಿಯಲ್ಲಿ ಯಾಕಿದೆ? ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಯುಐಡಿಎಐ ಕೊಡುತ್ತದೆ, ಅದನ್ನೇ ಕೇಳಿ. ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು.

ಸಿಕ್ಕರೆ?

ಪೊಲೀಸರು ವಶಪಡಿಸಿಕೊಂಡ ಟ್ಯಾಬ್ ಕೋರ್ಟಿನ ಆದೇಶದ ಮೇಲೆ ನಿಮ್ಮ ಕೈಗೆ ಬರುತ್ತದೆ. ಪ್ರಕರಣ ಮುಗಿಯುವವರೆಗೆ ಕಾಯಬೇಕಾಗಿಲ್ಲ, ಮಧ್ಯಂತರವಾಗಿ ಬಿಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅವಕಾಶವಿದೆ. ಬಿಲ್ಲು, ಐಎಂಇಐ ಅಥವಾ ಸೀರಿಯಲ್ ನಂಬರ್ ತೋರಿಸಿದರೆ ಕೆಲಸ ಸಲೀಸು. ತಂದ ಮೇಲೆ ಹಳೆಯ ಸಿಮ್ ಹಾಕಿ ನೆಟ್‌ವರ್ಕ್ ಬರಲಿಲ್ಲ ಎಂದು ಬೈಯಬೇಡಿ. ಬ್ಲಾಕ್ ಮಾಡಿದವರು ನೀವೇ. ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿದಾಗ ಬಂದ ರಿಕ್ವೆಸ್ಟ್ ಐಡಿ ಹಾಕಿ ಅನ್‌ಬ್ಲಾಕ್ ಕೇಳಬೇಕು. ಆ ಐಡಿಯನ್ನೂ ಅದೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ.